ತೊಳೆದ ತತ್ತಿಗಳು

ಕೋಳಿ ಸಾಕುವ ಮನೆಯಲ್ಲಿ ತತ್ತಿ ತೊಳೆಯುವುದಿಲ್ಲ. ತೊಳೆದರೆ ಬೇಗ ಕೆಡುತ್ತದೆ. ಕೋಳಿಯ ಹಿಂದೆ ಸ್ವಲ್ಪ ದಿನ ಓಡಾಡಿದವರಿಗೆಲ್ಲ ಇದು ಗೊತ್ತು. ಹಿಕ್ಕೆ ಹತ್ತಿದ್ದರೆ ಒಣಬಟ್ಟೆಯಲ್ಲಿ ಒರೆಸಿ ಇಡುತ್ತೇವೆ, ಅಷ್ಟೇ. ಆ ವರ್ಷ ರಂಜಾನ್ ಹಬ್ಬದ ಬಿಸ್ಕತ್ತು ಮಾಡಿಸಲು ಬೇಕರಿಗೆ ಹೊರಟಾಗ ಅತ್ತೆ ನನ್ನ ಕೈಗೆ ಕೊಟ್ಟ ಡಬ್ಬಿಯಲ್ಲಿ ಒಂದು ಕಲೆಯೂ ಇಲ್ಲದ ತತ್ತಿಗಳಿದ್ದವು. ನೀರಿನ ಪಸೆ ಇನ್ನೂ ಆರಿರಲಿಲ್ಲ. ನಾನು ಅದನ್ನು ಕಣ್ಣಾರೆ ನೋಡಿದೆ. ನೋಡಿಯೂ, ಬೇಕರಿಯಲ್ಲಿ ನಾಲ್ಕು ಹೆಂಗಸರೆದುರು ಮೆರೆಯಲು ತೊಳೆದಿದ್ದಾಳೆ, ಮೆರೆಯಲಿ ಬಿಡು ಎಂದುಕೊಂಡೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ನನ್ನ ತವರು ಕುರುಗೋಡು. ಕೊಟ್ಟದ್ದು ಬಳ್ಳಾರಿಯ ಕೌಲ್ ಬಜಾರಿಗೆ. ನಮ್ಮದು ಮನೆಯಲ್ಲಿ ಕನ್ನಡವನ್ನೇ ಆಡುವ ಮುಸಲ್ಮಾನರ ಮನೆತನ. ಉರ್ದುವೂ ಬರುತ್ತದೆ, ಆದರೆ ಜಗಳ ಮಾತ್ರ ಕನ್ನಡದಲ್ಲೇ ಬಾಯ್ತುಂಬ ಬರುತ್ತದೆ. ಗಂಡ ಜೀನ್ಸ್ ಪ್ಯಾಂಟು ಹೊಲಿಯುವ ಕಾರ್ಖಾನೆಯೊಂದರಲ್ಲಿ ಬಟ್ಟೆ ಕತ್ತರಿಸುವ ಮಾಸ್ತರ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಅತ್ತೆ, ಗಂಡ, ನಾನು. ಹಿತ್ತಲಲ್ಲಿ ಜವಾರಿ ಕೋಳಿಗಳು. ಅತ್ತೆಯನ್ನು ಎದುರಿಗೆ ನಾನು ‘ಬರ್ರಿ, ಕೂಡ್ರಿ’ ಎಂದೇ ಮಾತಾಡಿಸುತ್ತಿದ್ದೆ. ಬರೆಯುವಾಗ ಆ ಪೀಡೆ ಇಲ್ಲ.

ಆ ಓಣಿಯಲ್ಲಿ ನನ್ನ ಅತ್ತೆಗೆ ಇದ್ದ ಮರ್ಯಾದೆಯೆಲ್ಲ ಅವಳ ಕೈಯದು. ಕೋಳಿ ಕಾವಿಗೆ ಕೂತಾಗ ಅದರ ಹೊಟ್ಟೆಯ ಕೆಳಗೆ ತತ್ತಿ ಇಡುವ ಕೆಲಸ ಎಲ್ಲರೂ ಮಾಡುವಂಥದ್ದಲ್ಲ. ಹೆತ್ತ ಮಕ್ಕಳೆಲ್ಲ ಬದುಕಿ ಉಳಿದ ಹೆಂಗಸೇ ಇಡಬೇಕು. ಬಿಸ್ಮಿಲ್ಲಾ ಅಂದು, ಬೆಸ ಲೆಕ್ಕದಲ್ಲಿ, ಪ್ರತಿ ತತ್ತಿಗೂ ಇದ್ದಲಿನಿಂದ ಒಂದು ಗೆರೆ ಎಳೆದು ಇಡಬೇಕು. ಗೆರೆ ಯಾಕೆಂದರೆ, ಕಾವಿಗೆ ಕೂತ ಕೋಳಿಯ ಪಕ್ಕಕ್ಕೆ ಬೇರೆ ಕೋಳಿಗಳೂ ನುಗ್ಗಿ ಹೊಸ ತತ್ತಿ ಇಟ್ಟು ಹೋಗುತ್ತವೆ. ಗೆರೆ ಇದ್ದದ್ದು ಮರಿಗೆ, ಇಲ್ಲದ್ದು ಬಾಣಲೆಗೆ. ಹಿಂದೂಗಳ ಮನೆಯವರು, ನಮ್ಮವರು, ಎಲ್ಲರೂ ಬಂದು ಅತ್ತೆಯನ್ನು ಕರೆದುಕೊಂಡು ಹೋಗಿ ಅವಳ ಕೈಯಿಂದಲೇ ಇಡಿಸುತ್ತಿದ್ದರು. ಅವಳು ಇಟ್ಟರೆ ಒಂದೂ ಕೊಳೆಯುವುದಿಲ್ಲವಂತೆ. ಕೊಳೆತದ್ದನ್ನು ನಾನೇ ಎಷ್ಟೋ ಸಲ ತಿಪ್ಪೆಗೆ ಎಸೆದು ಬಂದಿದ್ದೇನೆ. ಹೇಳಿದರೆ ಯಾರು ಕೇಳುತ್ತಾರೆ?

ನನಗೆ ಮಕ್ಕಳಾಗಲಿಲ್ಲ. ದವಾಖಾನೆಗೆ ನಾನೊಬ್ಬಳೇ ಹೋಗಿ ಬಂದೆ. ನಿನ್ನಲ್ಲಿ ಏನೂ ದೋಷವಿಲ್ಲ, ಗಂಡನನ್ನು ಕರೆದುಕೊಂಡು ಬಾ ಎಂದರು. ಗಂಡ ಇವತ್ತು ಆರ್ಡರ್ ಐತಿ, ನಾಳೆ ಆರ್ಡರ್ ಐತಿ ಎನ್ನುತ್ತಲೇ ಕಾಲ ಕಳೆದ. ಅತ್ತೆಗೆ ದವಾಖಾನೆಯ ಮಾತು ಹೇಳಿದ್ದಕ್ಕೆ, "ಡಾಕ್ಟರ ಮುಂದ ನನ್ನ ಮಗನ್ನ ಗಂಡಸಲ್ಲ ಅಂತ ಸಾಬೀತ ಮಾಡ್ತೀಯೇನ?" ಎಂದು ತಟ್ಟೆ ಎಸೆದಳು. ಓಣಿಯಲ್ಲಿ ಯಾವ ಬಸುರಿಯದಾದರೂ ಕುಬಸವಿದ್ದರೆ ಅಡುಗೆಗೆ ಕರೆಯುತ್ತಿದ್ದರು, ಉಡಿ ತುಂಬುವ ಹೊತ್ತಿಗೆ "ನೀ ಸ್ವಲ್ಪ ಒಲಿ ಕಡಿ ನೋಡವ್ವ" ಅನ್ನುತ್ತಿದ್ದರು. ನಾನು ಒಲೆ ನೋಡುತ್ತಿದ್ದೆ.

ಮನೆಯಲ್ಲೂ ಅದೇ. ಕೋಳಿಗೂಡು ಗುಡಿಸುವುದು ನಾನು, ನುಚ್ಚು ಹಾಕುವುದು ನಾನು, ರೋಗ ಬಂದ ಕೋಳಿಯ ಬಾಯಿ ಬಿಡಿಸಿ ಬೆಳ್ಳುಳ್ಳಿ ತುರುಕುವುದು ನಾನು. ತತ್ತಿ ಇಡುವ ಗಳಿಗೆ ಬಂತೆಂದರೆ ಮಾತ್ರ ಅತ್ತೆ ನನ್ನತ್ತ ತಿರುಗಿಯೂ ನೋಡದೆ ಹೇಳುತ್ತಿದ್ದಳು, "ನೀ ಒಳಗ ಹೋಗು. ನೆಳ್ಳು ಬೀಳ್ತೈತಿ." ನನ್ನ ಬಾಯಿ ಸುಮ್ಮನಿರುವ ಬಾಯಲ್ಲ. "ಹಿಕ್ಕಿ ಬಳಿಯುವಾಗ ನೆಳ್ಳು ಬೀಳಂಗಿಲ್ಲೇನ್ರಿ?" ಎಂದು ಒಂದು ಸಲ ಕೇಳಿದೆ. ಅವತ್ತು ಸಂಜೆ ಗಂಡ ಊಟ ಮಾಡದೆ ಎದ್ದ. ಅವ್ವನಿಗೆ ಎದುರಾಡಿದೆ ಅಂತ.

ರಂಜಾನ್ ಉಪವಾಸ ಶುರುವಾಗುವ ಮುಂಚೆ ಸಿರುಗುಪ್ಪದಿಂದ ನಾದಿನಿ ಬಂದಳು. ಗಂಡನ ಅಕ್ಕ. ಅವಳ ಗಂಡನಿಗೆ ಅಕ್ಕಿ ಗಿರಣಿಯಲ್ಲಿ ಕೆಲಸ. ಬರುವಾಗಲೆಲ್ಲ ಕೋಳಿಗೆಂದು ಒಂದು ಚೀಲ ನುಚ್ಚು ತರುತ್ತಾಳೆ. ಚೀಲ ಇಳಿಸಿ, ನೀರು ಕುಡಿದು, ನಾನು ಅಲ್ಲೇ ನಿಂತಿರುವಾಗಲೇ ಅತ್ತೆಗೆ ಹೇಳಿದಳು, "ಹಬ್ಬ ಮುಗೀಲಿ ಅವ್ವಾ. ಇಕಿನ್ನ ಕುರುಗೋಡಿಗೆ ಬಿಟ್ಟು ಬರೋಣು. ನಮ್ಮ ಕಡಿ ಒಂದು ಹುಡಿಗಿ ನೋಡಿಟ್ಟೀನಿ. ಅವರವ್ವಗ ಏಳು ಮಕ್ಕಳು."

ನುಚ್ಚು ಒಳ್ಳೆಯದೈತಿ ಎಂದು ಹೇಳುವ ದನಿಯಲ್ಲೇ ಹೇಳಿದಳು. ಅತ್ತೆ ತಲೆಯಾಡಿಸಿದಳು. "ಇಕಿ ಕೈಯಾಗ ಒಂದು ಕೋಳಿಮರಿ ಸೈತ ಹೊರಗ ಬರಂಗಿಲ್ಲ. ಮನಿತನ ಹೆಂಗ ನಡದೀತು?" ಅಂದಳು. ನಾನು ಚಹಾದ ಲೋಟ ಅವರ ಮುಂದೆ ಕುಕ್ಕಿ ಒಳಗೆ ಹೋದೆ.

ಗಂಡ ಕಾರ್ಖಾನೆಯಿಂದ ಬಂದಾಗ ಬಾಗಿಲಲ್ಲೇ ಹಿಡಿದೆ. "ನೀವು ಏನಂತೀರಿ?"

"ನಾ ಏನನ್ಲಿ? ಅವ್ವಗ ಎದುರು ಹೆಂಗ ಮಾತಾಡ್ಲಿ? ಒಂದು ಕಾರಣರೆ ಬೇಕಲ್ಲ."

ಹೆಂಡತಿ ಎಂಬುದು ಒಂದು ಕಾರಣವಲ್ಲ ಅವನಿಗೆ. ನನಗೆ ನೆತ್ತಿಗೇರಿತು. "ನಿಮ್ಮವ್ವ ನಂಬೋದು ಕೋಳಿನ್ನ. ನನ್ನ ಕೈಲೆ ಒಂದು ಕೋಳಿ ಕಾವಿಗೆ ಕುಂದ್ರಸ್ತೀನಿ. ಮರಿ ಬಂದ್ರ?"

"ಬಂದ್ರ... ಅವ್ವಗ ಹೇಳ್ತೀನಿ. ಕೈಗುಣ ಚಲೋ ಐತಿ, ಇಕಿ ಇಲ್ಲೇ ಇರ್ತಾಳ ಅಂತ ಹೇಳ್ತೀನಿ."

"ಅಲ್ಲಾನ ಆಣಿ?"

"ಆಣಿ ಮಾಡಿ ಹೇಳ್ತೀನಿ."

ನಗು ಬರುತ್ತದೆ ಅಲ್ಲವೇ? ಒಂದು ಹೆಣ್ಣು ಮನೆಯಲ್ಲಿರಬೇಕೋ ಬೇಡವೋ ಎಂಬುದನ್ನು ಕೋಳಿಯ ಹೊಟ್ಟೆಯ ಕೆಳಗೆ ಇಟ್ಟು ಬಂದೆವು. ಆದರೆ ಅವನಿಂದ ನಾನು ಅಷ್ಟಾದರೂ ಹೊರಡಿಸಿಕೊಂಡದ್ದು ಅದೇ ಮೊದಲು. ನನಗೆ ಅದು ದೊಡ್ಡದಾಗಿ ಕಂಡಿತು.

ಹಿತ್ತಲ ಮೂಲೆಯಲ್ಲಿ ಹಳೆಯ ಕೂಲರಿನ ತಗಡಿನ ಮೈ ಬಿದ್ದಿತ್ತು. ಫ್ಯಾನು ಮೋಟಾರು ಕಿತ್ತು ಮಾರಿದ್ದರು, ಖಾಲಿ ಪೆಟ್ಟಿಗೆ ಉಳಿದಿತ್ತು. ಅದರ ಮುಂದೆ ನೀರೊಲೆಗೆ ಸುಡಲೆಂದು ಗಂಡ ಕಾರ್ಖಾನೆಯಿಂದ ತಂದು ಹಾಕಿದ ಜೀನ್ಸ್ ಚಿಂದಿಯ ಗಂಟುಗಳು. ಅತ್ತೆಗೆ ಮೊಣಕಾಲು ನೋವು, ಅತ್ತ ಸುಳಿಯುವುದಿಲ್ಲ ಎಂದು ನಂಬಿದೆ. ಕರಿಕೋಳಿ ಆಗಲೇ ಕಾವಿಗೆ ಬಂದು, ಹತ್ತಿರ ಹೋದವರ ಕೈ ಕುಕ್ಕುತ್ತಿತ್ತು. ಬಿಸಿಲು ಏರುವ ಕಾಲ, ಈಗ ಇಟ್ಟರೆ ಮರಿ ನಿಲ್ಲುವುದಿಲ್ಲ, ಬಂದ ತತ್ತಿಯೆಲ್ಲ ಹಬ್ಬದ ಬಿಸ್ಕತ್ತಿಗೆ ಎಂದು ಅತ್ತೆ ಅಪ್ಪಣೆ ಮಾಡಿದ್ದಳು. ಒಂದೊಂದೇ ತತ್ತಿ ಕದ್ದು ಕೂಡಿಟ್ಟು, ಕೇಳಿದರೆ ಮುಂಗುಸಿ ತಿಂದಿತು ಎಂದೆ. ಕೂಲರಿನೊಳಗೆ ಚಿಂದಿ ಹಾಸಿ, ಇದ್ದಲಿನಿಂದ ಗೆರೆ ಎಳೆದು, ಬಿಸ್ಮಿಲ್ಲಾ ಅಂದೆ. ನನ್ನ ಕೈಯಿಂದಲೇ ಇಟ್ಟೆ. ಕರಿಕೋಳಿ ರೆಕ್ಕೆ ಅಗಲಿಸಿ ಎಲ್ಲವನ್ನೂ ಹೊಟ್ಟೆಯ ಕೆಳಗೆ ಎಳೆದುಕೊಂಡಿತು. ಅದಕ್ಕೇನೂ ನನ್ನ ನೆರಳಿನ ಭಯವಿರಲಿಲ್ಲ.

ಒಂದು ವಾರವಾದ ಮೇಲೆ ಒಂದು ತತ್ತಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಚ್ಚಲಿಗೆ ಒಯ್ದೆ. ಬಾಗಿಲು ಹಾಕಿ, ಮೊಬೈಲಿನ ಟಾರ್ಚಿಗೆ ಹಿಡಿದು ನೋಡಿದೆ. ಒಳಗೆ ಕೆಂಪು ನರಗಳು ಹರಡಿದ್ದವು, ನಡುವೆ ಸಣ್ಣದೊಂದು ಕಪ್ಪು ಚುಕ್ಕೆ ಮಿಡಿಯುತ್ತಿತ್ತು. ನನಗೆ ಗೊತ್ತಿಲ್ಲದೆಯೇ ಅಳು ಬಂತು. ಹೊರಗಿನಿಂದ ಅತ್ತೆ "ಒಳಗ ಸತ್ತೇನಲೇ?" ಎಂದು ಕೂಗಿದಳು. "ಇಲ್ರಿ, ಅದೀನಿ," ಎಂದೆ. ಅಷ್ಟು ಖುಷಿಯಿಂದ ನಾನು ಅವಳಿಗೆ ಎಂದೂ ಉತ್ತರ ಕೊಟ್ಟಿರಲಿಲ್ಲ.

ಹಬ್ಬ ಹತ್ತಿರ ಬಂತು. ನಮ್ಮಲ್ಲಿ ಹಬ್ಬದ ಬಿಸ್ಕತ್ತನ್ನು ಅಂಗಡಿಯಿಂದ ಕೊಳ್ಳುವುದು ಅವಮಾನ. ಮೈದಾ, ಸಕ್ಕರೆ, ಡಾಲ್ಡಾ, ಏಲಕ್ಕಿ, ತತ್ತಿ ಎಲ್ಲ ಮನೆಯಿಂದಲೇ ಒಯ್ಯಬೇಕು. ಬೇಕರಿಯವನು ನಮ್ಮ ಕಣ್ಣೆದುರು ಹಿಟ್ಟು ಕಲಸಿ ಬಟ್ಟಿಯಲ್ಲಿ ಸುಟ್ಟು ಕೊಡುತ್ತಾನೆ. ಹಬ್ಬದ ವಾರ ಅಲ್ಲಿ ಹೆಂಗಸರ ಜಾತ್ರೆ. ತತ್ತಿಯನ್ನು ಮಾತ್ರ ಬೇಕರಿಯವನು ಮುಟ್ಟುವುದಿಲ್ಲ. ಹಿಂದೊಮ್ಮೆ ಯಾರೋ, ನಮ್ಮ ಜವಾರಿ ತತ್ತಿ ಇಟ್ಟುಕೊಂಡು ಫಾರ್ಮಿನ ತತ್ತಿ ಹಾಕಿದ ಎಂದು ಜಗಳ ತೆಗೆದಿದ್ದರಂತೆ. ಹಾಗಾಗಿ ಆಯಾ ಮನೆಯ ಹೆಂಗಸೇ ಎಲ್ಲರೆದುರು ತನ್ನ ತತ್ತಿ ಒಡೆಯಬೇಕು. ಮೊದಲು ಒಂದು ಬಟ್ಟಲಿಗೆ ಒಡೆದು ನೋಡಿ, ಚೆನ್ನಾಗಿದ್ದರೆ ದೊಡ್ಡ ಬೋಗುಣಿಗೆ ಸುರಿಯುವುದು. ಹಳದಿ ಎಷ್ಟು ದಪ್ಪಗಿದೆ, ಯಾರ ಕೋಳಿ ಎಷ್ಟು ಚೆನ್ನಾಗಿ ತಿಂದಿದೆ ಎಂದು ಬೆಂಚಿನ ಮೇಲೆ ಕೂತವರೆಲ್ಲ ಕತ್ತು ಉದ್ದ ಮಾಡಿ ನೋಡುತ್ತಾರೆ.

ಅವತ್ತು ಬೆಳಿಗ್ಗೆ ಅತ್ತೆ ನನ್ನನ್ನು ಮೈದಾ ತರಲು ಕಳಿಸಿದಳು. ಮನೆಯಲ್ಲಿ ಮೈದಾ ಇತ್ತು. "ಸಾಲಂಗಿಲ್ಲ, ಹೋಗು," ಅಂದಳು. ತಂದೆ. ಬಾಗಿಲಲ್ಲೇ ಡಬ್ಬಿ ಹಿಡಿದು ನಿಂತಿದ್ದಳು. ಅದು ರಾರಾವಿಯ ಅವಳ ತವರಿನಿಂದ ಬಂದ ಅಲ್ಯೂಮಿನಿಯಂ ಡಬ್ಬಿ, ಮುಚ್ಚಳದ ಮೇಲೆ ಅವಳಪ್ಪನ ಹೆಸರು ಕೊರೆಸಿದ್ದು. ನನ್ನ ಕೈಗೆ ಎಂದೂ ಕೊಡದ ಡಬ್ಬಿ. "ತತ್ತಿ ಹಿಡಿ. ಈ ವರ್ಷ ನೀನೇ ಒಡಿ. ನಿನ್ನ ಕೈಲೂ ಒಂದು ಕೆಲಸ ಆಗ್ಲಿ," ಅಂದಳು. ನಾನು ಮುಚ್ಚಳ ತೆಗೆದು ನೋಡಿದ್ದು, ತೊಳೆದಿದ್ದನ್ನು ಕಂಡು ಸುಮ್ಮನಾದದ್ದು ಆಗಲೇ ಹೇಳಿದೆನಲ್ಲ. ಡಬ್ಬಿ ಬೆಚ್ಚಗಿತ್ತು. ಬಳ್ಳಾರಿಯ ಬಿಸಿಲಿನಲ್ಲಿ ಯಾವುದು ಬೆಚ್ಚಗಿರುವುದಿಲ್ಲ? ನಿಜ ಹೇಳಬೇಕೆಂದರೆ ನನಗೆ ಹಿಗ್ಗೇ ಆಗಿತ್ತು. ನನ್ನ ಕೈಗೆ ತತ್ತಿ ಕೊಟ್ಟಳಲ್ಲ ಎಂದು.

ಬೇಕರಿಯಲ್ಲಿ ನಮ್ಮ ಸರದಿ ಬಂತು. ಅತ್ತೆ ಬೆಂಚಿನ ಮೇಲೆ ಓಣಿಯ ಹೆಂಗಸರ ನಡುವೆ ಕೂತಳು, ಮಡಿಲಲ್ಲಿ ಬಟ್ಟೆಚೀಲ. ನಾನು ಮೊದಲ ತತ್ತಿಯನ್ನು ಬಟ್ಟಲಿನ ಅಂಚಿಗೆ ಕುಟ್ಟಿದೆ. ಬಿರಿಯಲಿಲ್ಲ. ಜೋರಾಗಿ ಕುಟ್ಟಿದೆ. ಹಳದಿ ಬೀಳಲಿಲ್ಲ. ರಕ್ತ ಕಲಸಿದ ನೀರಿನೊಂದಿಗೆ, ಒದ್ದೆ ಪುಕ್ಕ ಮೈಗಂಟಿದ ಒಂದು ಮರಿ ಬಟ್ಟಲಿಗೆ ಜಾರಿತು. ಕರಿ ಪುಕ್ಕ. ಕತ್ತು ಮಡಚಿಕೊಂಡಿತ್ತು. ಕೊಕ್ಕು ಒಮ್ಮೆ ತೆರೆಯಿತು, ಮುಚ್ಚಿತು, ಮತ್ತೆ ತೆರೆಯಲಿಲ್ಲ.

"ತೌಬಾ ತೌಬಾ!" ಎಂದು ಒಬ್ಬಳು ಮುಖ ಮುಚ್ಚಿಕೊಂಡಳು. ಇನ್ನೊಬ್ಬಳು ಬಸುರಿ ಸೊಸೆಯನ್ನು ಎಬ್ಬಿಸಿ ಹೊರಗೆ ಕಳಿಸಿದಳು, ನನ್ನ ಮುಂದಿನಿಂದ ಅಲ್ಲ, ಹಿಂದಿನಿಂದ ಸುತ್ತು ಹಾಕಿಸಿ. ಬೇಕರಿಯವನು ಹಿಟ್ಟಿನ ಕೈ ಎತ್ತಿಕೊಂಡು, "ಏ ತಗೀರಿ ಅತ್ತಾಗ! ಉಪವಾಸದಾಗ ಏನ ತೋರಿಸ್ತೀರಿ?" ಎಂದು ಕೂಗಿದ.

ನಾನು ಬಟ್ಟಲನ್ನೇ ನೋಡುತ್ತಾ ನಿಂತಿದ್ದೆ. ಅತ್ತೆಯ ದನಿ ಬೆಂಚಿನಿಂದ ಬಂತು, ಯಾವ ಗಾಬರಿಯೂ ಇಲ್ಲದ ದನಿ. "ನೋಡಿದ್ರೇನ್ರವ್ವಾ ಇಕಿ ಕೈಗುಣ? ಹಬ್ಬದ ತತ್ತಿ ಮುಟ್ಟಿದ್ರ ಸೈತ ಹೆಣ ಬೀಳ್ತೈತಿ. ನಾ ಹೇಳಿದ್ರ ನನ್ನ ಕೆಟ್ಟಾಕಿ ಅಂತಿದ್ರಿ."

ಎಲ್ಲರೂ ನನ್ನ ಕೈ ನೋಡಿದರು. ಮುಖ ಅಲ್ಲ, ಕೈ. ನಾನು ಡಬ್ಬಿಯಿಂದ ಇನ್ನೊಂದು ತತ್ತಿ ತೆಗೆದು ಬೆಳಕಿಗೆ ತಿರುಗಿಸಿದೆ. ಎಷ್ಟು ತೊಳೆದರೂ ಇದ್ದಲು ಪೂರ್ತಿ ಹೋಗುವುದಿಲ್ಲ. ಚೂಪು ತುದಿಯಲ್ಲಿ ಬೂದುಬಣ್ಣದ ಸಣ್ಣ ಎಳೆ ಉಳಿದಿತ್ತು. ನನ್ನ ಗೆರೆ.

"ಇವು ಕರಿಕೋಳಿ ಕೆಳಗಿನ್ವು," ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ. ಮತ್ತೆ ಕೂಗಿ ಹೇಳಿದೆ. "ನಾ ಇಟ್ಟ ತತ್ತಿರೀ ಇವು! ನನ್ನ ಕೈಲೆ ಇಟ್ಟದ್ದು! ಮರಿ ಆಗ್ಯಾವು, ನೋಡ್ರಿ, ಮರಿ ಆಗ್ಯಾವು! ಇಕಿ ಗೆರಿ ತೊಳದು ಕೊಟ್ಟಾಳ!"

"ಹೌದು, ತೊಳದೀನಿ," ಅಂದಳು ಅತ್ತೆ. ಸುಳ್ಳು ಹೇಳುವ ತೊಂದರೆಯನ್ನೂ ತೆಗೆದುಕೊಳ್ಳಲಿಲ್ಲ. "ನನ್ನ ಮನ್ಯಾಗ ನನಗ ಕಾಣದಂಗ ಕೋಳಿ ಕುಂದ್ರಸ್ತೀಯೇನ? ನಿನ್ನ ನೆಳ್ಳಾಗ ಹುಟ್ಟಿದ ಮರಿ ನನ್ನ ಹಿತ್ಲಾಗ ಅಡ್ಡಾಡಬೇಕಾ?" ಹಾಗೆಂದು ಮಡಿಲಿನ ಚೀಲದಿಂದ ಒಂದು ಬುಟ್ಟಿ ತೆಗೆದು ಬೇಕರಿಯವನಿಗೆ ಕೊಟ್ಟಳು. ಅದರಲ್ಲಿ ತೊಳೆಯದ, ಒರೆಸಿದ, ಇವತ್ತು ನಿನ್ನೆ ಇಟ್ಟ ತಾಜಾ ತತ್ತಿಗಳು. "ಇವನ್ನ ಹಾಕಪ್ಪ. ಬಟ್ಲ ತೊಳದು ಹಾಕು."

ಯಾರೂ ಅವಳಿಗೆ ಏನೂ ಅನ್ನಲಿಲ್ಲ. ಒಬ್ಬಳು ಮಾತ್ರ, "ಹೋಗ್ಲಿ ಬಿಡವ್ವ, ಉಪವಾಸದಾಗ ಜಗಳ ಬ್ಯಾಡ," ಎಂದು ನನಗೆ ಹೇಳಿದಳು. ನನಗೆ!

ಡಬ್ಬಿಗೆ ಕಿವಿಯಿಟ್ಟೆ. ಉಳಿದ ತತ್ತಿಗಳಲ್ಲಿ ಯಾವುದೋ ಒಳಗಿನಿಂದ ಕಿಚ್ ಎಂದಿತು. ಹುಟ್ಟಲು ಇನ್ನೇನು ಎರಡೋ ಮೂರೋ ದಿನ ಉಳಿದಿರಬೇಕು. ನಾನು ಡಬ್ಬಿಯನ್ನು ಎದೆಗವಚಿಕೊಂಡು ಮನೆಯ ಕಡೆ ತಿರುಗಿದೆ. ಅತ್ತೆ ಹಿಂದಿನಿಂದ ಹೇಳಿದಳು, "ಎಲ್ಲಿಗೆ ಓಡ್ತಿ? ಕರಿಕೋಳಿನ್ನ ಬೆಳಿಗ್ಗೆನೇ ನೀರಾಗ ಅದ್ದೀನಿ, ಮೂಗಿಗೆ ಗರಿ ಹಾಕೀನಿ. ಅದಿನ್ನ ಕೂಡಂಗಿಲ್ಲ."

ಕಾವು ಬಿಡಿಸಲು ನಮ್ಮ ಕಡೆ ಹಾಗೆಯೇ ಮಾಡುತ್ತಾರೆ. ಕೋಳಿಯನ್ನು ತಣ್ಣೀರಿನಲ್ಲಿ ಮುಳುಗಿಸಿ, ಅದರದೇ ಒಂದು ಗರಿ ಕಿತ್ತು ಮೂಗಿನ ತೂತಿನಲ್ಲಿ ಅಡ್ಡ ತೂರಿಸುತ್ತಾರೆ. ಅದು ದಿನವಿಡೀ ತಲೆ ಕೊಡವುತ್ತಾ ಗರಿ ಕೆದರುತ್ತಾ ತತ್ತಿಯನ್ನು ಮರೆಯುತ್ತದೆ.

ನನಗೆ ತೋಚಿದ್ದು ಒಂದೇ. ಬಟ್ಟಿಯ ಮೇಲ್ಗಡೆ ಬ್ರೆಡ್ಡಿನ ಹಿಟ್ಟು ಉಬ್ಬಲು ಇಡುವ ಹಲಗೆಯಿತ್ತು. ಹತ್ತಿರ ಹೋಗಿ ಅಂಗೈ ಇಟ್ಟು ನೋಡಿದೆ. ಸುಡಲಿಲ್ಲ, ತಣ್ಣಗೂ ಇರಲಿಲ್ಲ. ಕೋಳಿಯ ಹೊಟ್ಟೆಯ ಹಾಗೆಯೇ ಇತ್ತು. "ಅಣ್ಣಾ, ಎರಡು ದಿನ ಇಲ್ಲಿ ಇಟ್ಕೊಳ್ರಿ. ಕೈ ಮುಗೀತೀನಿ," ಎಂದೆ.

"ಏನಮ್ಮ, ನನ್ನ ಬಟ್ಟಿ ಏನ ಕೋಳಿ ಅಂತ ತಿಳಕೊಂಡಿಯೇನ?" ಬೆಂಚಿನಲ್ಲಿ ನಗು. ಅವನಿಗೂ ನಗು ಬಂತು, ಅದರಿಂದಲೇ ಒಪ್ಪಿದ. "ಇಡು. ಹೊರಗ ಬಂದ್ರ ಬಿಸ್ಕೀಟಿಗೆ ಹಾಕ್ತೀನಿ."

"ಸತ್ತ ಮ್ಯಾಲ ಡಬ್ಬಿ ತೊಳದು ತಗೊಂಡು ಬಾ," ಅಂದಳು ಅತ್ತೆ. "ನಮ್ಮಪ್ಪ ಕೊಟ್ಟದ್ದದು. ಜ್ವಾಪಾನ."

ಮನೆಗೆ ಬಂದು ನಾನು ಮಾಡಿದ ಮೊದಲ ಕೆಲಸ ಕರಿಕೋಳಿಯ ಮೂಗಿನಿಂದ ಗರಿ ಎಳೆದದ್ದು. ಅದು ನನ್ನನ್ನೂ ಕುಕ್ಕಿತು. ಕುಕ್ಕಲಿ. ಆಮೇಲೆ ದಿನಾ ಬೇಕರಿಗೆ ಹೋಗಿ, ತತ್ತಿಗಳನ್ನು ಹೊರಳಿಸಿ, ಒದ್ದೆ ಬಟ್ಟೆಯಿಂದ ತೇವ ಮುಟ್ಟಿಸಿ ಬಂದೆ. ಬಿಸ್ಕತ್ತಿಗೆ ಬಂದ ಹೆಂಗಸರು ನನ್ನನ್ನು ನೋಡಿ ಪಿಸುಗುಡುತ್ತಿದ್ದರು. ಒಬ್ಬಳು ತನ್ನ ಹಿಟ್ಟಿನ ಬೋಗುಣಿಯನ್ನು ನಾನು ಹಾಯುವಾಗ ಸೆರಗಿನಿಂದ ಮುಚ್ಚಿದಳು. "ನಿನ್ನ ಹಿಟ್ಟು ನೋಡಿ ನನಗೇನಾಗಬೇಕೈತಿ, ಡಾಲ್ಡಾನೂ ಸರಿಯಾಗಿ ಹಾಕಿಲ್ಲ," ಎಂದೆ. ಅಷ್ಟಾದರೂ ಅನ್ನದಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ.

ಚಾಂದ್ ಕಾಣುವ ದಿನ ಮಧ್ಯಾಹ್ನ ಹೋದಾಗ ಡಬ್ಬಿ ಸದ್ದು ಮಾಡುತ್ತಿತ್ತು. ಮೂರು ಮರಿ ಹೊರಗೆ ಬಂದಿದ್ದವು. ಉಳಿದವು ಒಳಗೇ ಸತ್ತಿದ್ದವು. ಎರಡು ಕರಿಯವು, ಒಂದು ಕಂದು. ನಾನು ಅಲ್ಲೇ ಹಿಟ್ಟಿನ ಮೂಟೆಗಳ ನಡುವೆ ಕುಕ್ಕರಗಾಲಲ್ಲಿ ಕೂತು ಗಳಗಳ ಅತ್ತುಬಿಟ್ಟೆ. ಬೇಕರಿಯವನು, "ಆತಲ್ಲ, ಇನ್ನ ಜಾಗ ಖಾಲಿ ಮಾಡು, ಬ್ರೆಡ್ ಇಡಬೇಕು," ಅಂದ. ಅವನ ಮೊಳೆ, ಸುತ್ತಿಗೆ ಕೇಳಿ ಪಡೆದು ಡಬ್ಬಿಯ ಮುಚ್ಚಳಕ್ಕೆ ನಾಲ್ಕಾರು ತೂತು ಹೊಡೆದೆ. ಅತ್ತೆಯ ಅಪ್ಪನ ಹೆಸರಿನ ಮೇಲೆಯೇ ಹೊಡೆದೆ.

ಅವತ್ತೇ ತೋರಿಸಲಿಲ್ಲ. ಹಬ್ಬದ ದಿನ, ನಾದಿನಿಯೂ ಇರುವಾಗ, ಎಲ್ಲರೆದುರು ತೋರಿಸಬೇಕು, ಗಂಡ ಎಲ್ಲರೆದುರು ಮಾತಾಡಬೇಕು ಎಂದು ಡಬ್ಬಿಯನ್ನು ಕೂಲರಿನೊಳಗೆ ಚಿಂದಿಯಲ್ಲಿ ಬಚ್ಚಿಟ್ಟೆ. ಗಂಡನಿಗೆ ಮಾತ್ರ ಹೇಳಿದೆ. "ಹೌದಾ?" ಅಂದ. "ನಾಳೆ ಹೇಳ್ತೀನಿ ಬಿಡು," ಅಂದ.

ಹಬ್ಬದ ಬೆಳಿಗ್ಗೆ ಎದ್ದಾಗ ಹಿತ್ತಲಲ್ಲಿ ಕರಿಕೋಳಿ ಇರಲಿಲ್ಲ. ಒಲೆಯ ಮೇಲಿತ್ತು. ಕಾವಿಗೆ ಕೂತು ಬಡವಾಗಿದ್ದ ಕೋಳಿ, ತತ್ತಿ ಇಡುವ ಬೇರೆ ಕೋಳಿಯನ್ನು ಯಾಕೆ ಕೆಡಿಸಬೇಕು ಎಂದು ಅತ್ತೆ ಅದನ್ನೇ ಕೊಯ್ಯಿಸಿದ್ದಳು. ಹಿಡಿದುಕೊಂಡು ಹೋಗಿ ಕೊಯ್ಯಿಸಿ ತಂದವನು ನನ್ನ ಗಂಡ.

ಈದ್ಗಾದಿಂದ ಬಂದು ಎಲ್ಲರೂ ಚಾಪೆಯ ಮೇಲೆ ಕೂತರು. ಶಾವಿಗೆಯ ಸುರಕುಂಬಾ ಕುಡಿದಾಯಿತು. ತಟ್ಟೆಯಲ್ಲಿ ಬಿಸ್ಕತ್ತು ಬಂತು. ಸಿರುಗುಪ್ಪದ ನಾದಿನಿ, ಅವಳ ಗಂಡ, ಓಣಿಯ ಇಬ್ಬರು ಹೆಂಗಸರು. ನಾನು ಡಬ್ಬಿ ತಂದು ಬಿಸ್ಕತ್ತಿನ ತಟ್ಟೆಯ ಪಕ್ಕದಲ್ಲಿಟ್ಟು ಮುಚ್ಚಳ ತೆಗೆದೆ. ಮರಿಗಳು ಕತ್ತೆತ್ತಿ ಕಿಚಿಕಿಚಿ ಎಂದವು. ನಾನು ಗಂಡನನ್ನು ನೋಡಿದೆ. "ಹೇಳ್ರಿ," ಎಂದೆ.

ಅವನು ಮರಿಗಳನ್ನು ನೋಡಿದ. ಅವ್ವನನ್ನು ನೋಡಿದ. ಬಾಯಿ ತೆರೆದ. ನಾನು ನೋಡಿದೆ, ಖಂಡಿತ ತೆರೆದ.

"ಇವು ಬಟ್ಟಿ ಮಾಡಿದ ಮರಿ," ಅಂದಳು ಅತ್ತೆ, ಬಿಸ್ಕತ್ತು ಮುರಿಯುತ್ತಾ. "ಬೇಕರಿಯವನ ಕೈಗುಣ. ಇಕಿ ಕೈಲಿ ಒಡದದ್ದು ಸತ್ತೇ ಹೋತಲ್ಲ, ಓಣಿ ಮಂದಿನೇ ನೋಡ್ಯಾರ."

ನಾದಿನಿ ಮೊದಲು ನಕ್ಕಳು. "ಆ ಬೇಕರಿಯವನ್ನೇ ಲಗ್ನ ಮಾಡಿಕೊಳ್ಳಲಿ ಹಂಗಾರ," ಅಂದಳು. ಎಲ್ಲರೂ ನಕ್ಕರು. ಗಂಡನ ತೆರೆದ ಬಾಯಿ ಖಾಲಿ ಹೋಗಲಿಲ್ಲ, ಅವನೂ ನಕ್ಕ. ನಕ್ಕು, "ಖರೇನ ಐತಿ, ಬಟ್ಟಿನೇ ಮಾಡೈತಿ, ನಿನ್ನ ಕೈ ಏನೈತಿ ಇದರಾಗ?" ಅಂದ. ಆಮೇಲೆ ಚಹಾದಲ್ಲಿ ಬಿಸ್ಕತ್ತು ಅದ್ದಿ ತಿಂದ.

ಅಲ್ಲಿಂದ ಮುಂದೆ ನನಗೆ ಸಿಟ್ಟೂ ಬರಲಿಲ್ಲ. ಬಟ್ಟೆ ಒಂದು ಚೀಲಕ್ಕೆ ತುಂಬಿದೆ. ಮುಚ್ಚಳ ಮುಚ್ಚಿ ಡಬ್ಬಿ ಎತ್ತಿಕೊಂಡೆ. ಬಾಗಿಲು ದಾಟುವಾಗ ಯಾರೂ ಎಲ್ಲಿಗೆ ಎಂದು ಕೇಳಲಿಲ್ಲ. "ನಾವ ಬಿಟ್ಟು ಬರೋದು ತಪ್ಪಿತು," ಎಂದು ನಾದಿನಿ ಹೇಳಿದ್ದು ಮಾತ್ರ ಕೇಳಿಸಿತು.

ಬಸ್ ಸ್ಟ್ಯಾಂಡಿನಲ್ಲಿ ಹಬ್ಬದ ಗದ್ದಲ. ಕುರುಗೋಡಿನ ಬಸ್ಸು ಇನ್ನೂ ಬಂದಿರಲಿಲ್ಲ. ಬೆಂಚಿನ ತುದಿಯಲ್ಲಿ ಡಬ್ಬಿ ಇಟ್ಟುಕೊಂಡು ಕೂತಿದ್ದೆ. ದೂರದಲ್ಲಿ ಅವನ ಗಾಡಿ ಕಂಡಿತು. ಹಬ್ಬದ ಬಿಳಿ ಜುಬ್ಬಾ ಬೆವರಿಗೆ ಬೆನ್ನಿಗಂಟಿತ್ತು. ಗಾಡಿ ನಿಲ್ಲಿಸಿ, ಪ್ಲಾಟ್‌ಫಾರಂ ಒಂದೊಂದನ್ನೇ ಹುಡುಕುತ್ತಾ ಓಡಿ ಬರುತ್ತಿದ್ದ. "ನಿಂದ್ರ! ಏ, ನಿಂದ್ರಲೇ!"

ಬಂದನಲ್ಲ ಎಂದುಕೊಂಡೆ. ಕೂಡಲೇ ಒಪ್ಪಬಾರದು, ಎರಡು ಮಾತು ಅಂದೇ ಅನ್ನಬೇಕು, ಆಮೇಲೆ ಹೋದರಾಯಿತು. ದವಾಖಾನೆಗೆ ಬರುವೆ ಎಂದು ಆಣೆ ಹಾಕಿಸಿಕೊಳ್ಳಬೇಕು. ಅಷ್ಟರೊಳಗೆ ಇಷ್ಟೆಲ್ಲ ಯೋಚಿಸಿದೆ ನೋಡಿ. ಸೆರಗಿನಿಂದ ಮುಖ ಕೂಡ ಒರೆಸಿಕೊಂಡೆ.

ಹತ್ತಿರ ಬಂದು, ಮೊಣಕಾಲಿನ ಮೇಲೆ ಕೈಯಿಟ್ಟು ಉಸಿರು ಬಿಟ್ಟ. "ಅವ್ವ ಡಬ್ಬಿ ಇಸ್ಕೊಂಡು ಬಾ ಅಂದಾಳ," ಅಂದ.

ನಾನು ಅವನ ಮುಖ ನೋಡಿದೆ. ತಮಾಷೆಯಲ್ಲ. ಕೈ ಚಾಚಿಕೊಂಡು ನಿಂತಿದ್ದ. ನಾನು ಮುಚ್ಚಳ ತೆಗೆದು, ಮೂರೂ ಮರಿಗಳನ್ನು ಒಂದೊಂದಾಗಿ ಎತ್ತಿ ಉಡಿಯಲ್ಲಿ ಹಾಕಿಕೊಂಡೆ. ಸೆರಗು ಸುತ್ತಿ ಸೊಂಟಕ್ಕೆ ಸಿಕ್ಕಿಸಿದೆ. ಖಾಲಿ ಡಬ್ಬಿ ಕೊಟ್ಟೆ, ಮುಚ್ಚಳವನ್ನೂ ಕೊಟ್ಟೆ.

ಅವನು ಮುಚ್ಚಳ ತಿರುಗಿಸಿ ನೋಡಿದ. ಮುಖ ಸಣ್ಣದಾಯಿತು.

"ಇದಕ್ಯಾಕ ತೂತು ಹೊಡದೀಲೇ? ಅವ್ವ ಬೈತಾಳಲ್ಲ!"

"ಉಸರಾಡಾಕ ಲೇ," ಎಂದೆ. ಮದುವೆಯಾದಂದಿನಿಂದ ಅವನಿಗೆ ನಾನು ‘ಲೇ’ ಅಂದದ್ದು ಅದೇ ಮೊದಲು.